ಅವರೆ ಚಪ್ಪರಕ್ಕೆ ಹೊಡೆದ ಕಷಾಯ

ನಮ್ಮ ಹಿತ್ತಿಲ ತೋಟ ಸಾವಯವವಾದದ್ದು ಯಾವ ಆದರ್ಶದಿಂದಲೂ ಅಲ್ಲ, ಹುಳಗಳ ಭಯದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಚೆಗೆ ಬೆಂಗಳೂರಿನಿಂದ ಬಂದವರು ನನ್ನ ಬದನೆ ಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, "ಎಷ್ಟು ಒಳ್ಳೆ ಕೆಲಸ ಮಾಡ್ತಿದೀರಾ ಮೇಡಂ" ಎಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಳ್ಳೆ ಕೆಲಸವಂತೆ! ನನ್ನ ಕೈಗೆ ಔಷಧಿ ಡಬ್ಬಿ ಕೊಟ್ಟು ಬಿಟ್ಟಿದ್ದರೆ ನಾನೂ ಎಲ್ಲರ ಹಾಗೆ ಹೊಡೆದು ಸುಮ್ಮನಿರುತ್ತಿದ್ದೆ.

ನಾನು ಮದುವೆಯಾಗಿ ಬಂದದ್ದು ಬೆಂಗಳೂರಿನ ಹತ್ತಿರದ ವಿಜಯಪುರದ ಕಡೆಯ ಒಂದು ಹಳ್ಳಿಗೆ, ರೇಷ್ಮೆ ಹುಳ ಸಾಕುವ ಮನೆಗೆ. ಮಾವ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಗಂಡನಿಗೆ ದೊಡ್ಡಬಳ್ಳಾಪುರದ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು. ಮನೆ, ಹೊಲ, ಹುಳ ಎಲ್ಲ ಅತ್ತೆಯ ಕೈಯಲ್ಲಿ. ಇಡೀ ಮನೆಯಲ್ಲಿ ಅರ್ಧ ಭಾಗ ಹುಳದ್ದು, ಉಳಿದ ಅರ್ಧದಲ್ಲಿ ನಾವು ಅವುಗಳ ಬಾಡಿಗೆದಾರರ ಹಾಗೆ ಮುದುರಿಕೊಂಡು ಇರುತ್ತಿದ್ದೆವು.

ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ, ಹುಳಕ್ಕೆ ಆಗದು. ದೇವರಿಗೆ ಊದುಬತ್ತಿ ಇಲ್ಲ, ಬರೀ ದೀಪ. ಇರುವೆ ಸಾಲುಗಟ್ಟಿದರೂ ಪುಡಿ ಉದುರಿಸುವಂತಿಲ್ಲ. ಮುಖಕ್ಕೆ ಪೌಡರ್ ಇಲ್ಲ. ಹುಳದ ಮನೆಯ ಹೊಸ್ತಿಲಿಗೆ ಸುಣ್ಣದ ಪುಡಿ ಹರಡಿರುತ್ತಿತ್ತು. ಕಾಲು ತೊಳೆದು ಅದನ್ನು ತುಳಿದೇ ಒಳಗೆ ಹೋಗಬೇಕು. ಸಾವಿನ ಮನೆಗೆ ಹೋಗಿ ಬಂದವರು, ಹೊಗೆಸೊಪ್ಪು ಅಗಿದವರು ಆ ಹೊಸ್ತಿಲು ದಾಟುವ ಹಾಗೇ ಇಲ್ಲ. ನನಗೆ ಇದೆಲ್ಲ ಅತ್ತೆಯ ಮಡಿಯ ಹಾಗೆ ಕಾಣುತ್ತಿತ್ತು. ಸಾವಿನ ಸೂತಕ, ಹೊಗೆಸೊಪ್ಪಿನ ಎಂಜಲು ಎರಡೂ ಒಂದೇ ಸಾಲಿನವು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದೇ ಮುಂದೆ ಮುಳುವಾಯಿತು.

ಹುಳ ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ತಿನ್ನುವುದು ಬಿಟ್ಟು ತಲೆಯೆತ್ತಿ ಮಲಗಿಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಿಪ್ಪುನೇರಳೆ ಸೊಪ್ಪು ಎಷ್ಟು ಸುರಿದರೂ ಸಾಲದು. ಆ ವಾರ ಮನೆ ಬಿಟ್ಟು ಕದಲುವ ಮಾತಿಲ್ಲ. ಗೂಡು ಮಾರುಕಟ್ಟೆಗೆ ಹೋಯಿತು, ಇನ್ನು ಉಸಿರಾಡೋಣ ಅನ್ನುವಷ್ಟರಲ್ಲಿ ಮುಂದಿನ ಮೊಟ್ಟೆ ಬಂದಿರುತ್ತದೆ. ನನ್ನ ತಂಗಿಯ ಸೀಮಂತಕ್ಕೆ ನೆಲಮಂಗಲಕ್ಕೆ ಹೋಗಿ ಬರುತ್ತೇನೆ ಎಂದು ಕೇಳಿದ್ದಕ್ಕೆ ಅತ್ತೆ ಬೆರಗಾಗಿ ನನ್ನ ಮುಖ ನೋಡಿದರು.

"ಹುಳಕ್ಕೆ ಜ್ವರ ಬಂದೈತೆ, ನೀನು ಸೀಮಂತ ಅಂತೀಯಲ್ಲಮ್ಮಿ!"

ನನಗೇ ಜ್ವರ ಬಂದು ಮೂರು ದಿನ ಮಲಗಿದ್ದಾಗ ಈ ದನಿಯಲ್ಲಿ ಒಂದು ಮಾತೂ ಬಂದಿರಲಿಲ್ಲ. ಸೀಮಂತಕ್ಕೆ ನಾನು ಹೋಗಲಿಲ್ಲ. ಮದುವೆಗೆ ಮುಂಚೆ ನಾನು ಹೆದ್ದಾರಿ ಪಕ್ಕದ ಒಂದು ಗೋಡೌನಿನ ಆಫೀಸಿನಲ್ಲಿ ಬಿಲ್ಲು ಬರೆಯುತ್ತಿದ್ದವಳು. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬರುವಾಗ, ಯಾವಾಗ ಮದುವೆಯಾಗಿ ಈ ಬಸ್ಸಿನ ಕಾಟ ತಪ್ಪುತ್ತದೋ ಎಂದು ಗೊಣಗುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದರೆ ಸೊಪ್ಪು ಕತ್ತರಿಸುವ ಕೈ ನಿಂತುಬಿಡುತ್ತಿತ್ತು.

ತವರಿನಿಂದ ನಾನು ತಂದದ್ದರಲ್ಲಿ ನನಗೆ ಬೇಕಾದದ್ದು ಒಂದೇ, ಬೂದಿಯಲ್ಲಿ ಕಲಸಿ ಡಬ್ಬಿಯಲ್ಲಿಟ್ಟ ಒಂದು ಹಿಡಿ ಚಪ್ಪರದವರೆ ಬೀಜ. ಅಮ್ಮ ಮನೆಯ ಹಿಂದೆ ವರ್ಷ ವರ್ಷ ಬೆಳೆಯುತ್ತಿದ್ದ ಬಳ್ಳಿಯದು. ಆ ಜಾಗ ಇನ್ನೊಂದು ಗೋಡೌನಿನ ಕಾಂಪೌಂಡಿಗೆ ಹೋಯಿತು. "ನನಗಂತೂ ಮಣ್ಣಿಲ್ಲ, ನಿನಗೈತೆ, ಹಾಕ್ಕೊ" ಎಂದು ಅಮ್ಮ ಡಬ್ಬಿ ಕೈಗಿಟ್ಟಿದ್ದರು. ಬಚ್ಚಲಿನ ಗೋಡೆಗೂ ಹಿಪ್ಪುನೇರಳೆ ಸಾಲಿಗೂ ನಡುವೆ ನಾಲ್ಕು ಹೆಜ್ಜೆಯಷ್ಟು ಪಾಳು ಜಾಗವಿತ್ತು. ಅಲ್ಲಿ ಅಗೆಯಲೇ ಎಂದು ಅತ್ತೆಯನ್ನು ಕೇಳಿದೆ.

"ಅಗಿ, ಬೇಡ ಅನ್ನಲ್ಲ. ಆದ್ರೆ ಒಂದ್ ತೊಟ್ಟು ಔಷಧಿ ಬಿತ್ತು ಅಂದ್ರೆ ಬೇರು ಸಮೇತ ಕಿತ್ತಾಕ್ತೀನಿ," ಎಂದರು. ನಾನು ಒಪ್ಪಿದೆ.

ತೋಟದಿಂದ ಆದ ಒಳ್ಳೆಯದನ್ನು ಇಲ್ಲ ಎನ್ನಲಾರೆ. ಹುಳದ ಹಿಕ್ಕೆ, ಅವು ತಿಂದು ಬಿಟ್ಟ ಕಡ್ಡಿ ಎಲ್ಲ ಗುಂಡಿಯಲ್ಲಿ ಕೊಳೆತು ಚಹಾಪುಡಿಯ ಹಾಗೆ ಉದುರುವ ಗೊಬ್ಬರವಾಗುತ್ತಿತ್ತು. ಬಚ್ಚಲ ನೀರು ತಾನಾಗಿ ಹರಿದು ಬರುತ್ತಿತ್ತು. ದಂಟು, ಬದನೆ, ಹಸಿಮೆಣಸಿನಕಾಯಿ, ಮೂಲೆಯಲ್ಲಿ ಒಂದು ಕರಿಬೇವು. ಬಸ್ಸಾರಿಗೆ ಸೊಪ್ಪು ಬೇಕಾದರೆ ಒಲೆ ಮೇಲೆ ನೀರಿಟ್ಟು ಹೋಗಿ ಕಿತ್ತು ತರುವುದು. ಬರೀ ಕೈ ಮಣ್ಣಲ್ಲಿ ಆಡಿಸಿದರೆ ಎರೆಹುಳ ಸಿಗುತ್ತಿತ್ತು. ಇದಕ್ಕೆಲ್ಲ ಮಿಗಿಲಾಗಿ, ಇಡೀ ಮನೆಯಲ್ಲಿ ಯಾರೂ "ಮುಟ್ಬೇಡ, ತುಳೀಬೇಡ, ಬಾಗಿಲು ಹಾಕು" ಎನ್ನದ ಜಾಗ ಅದೊಂದೇ. ಮಧ್ಯಾಹ್ನ ಹುಳಕ್ಕೆ ಸೊಪ್ಪು ಕೊಟ್ಟಾದ ಮೇಲೆ ಚಪ್ಪರದ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ನನ್ನ ಪಾಡಿಗೆ ನಾನು ಇರುತ್ತಿದ್ದೆ. ಆ ಅರ್ಧ ಗಂಟೆ ಇಲ್ಲದಿದ್ದರೆ ನಾನು ಆ ಮನೆಯಲ್ಲಿ ಉಳಿಯುತ್ತಿರಲಿಲ್ಲ, ಖಂಡಿತ.

ಎರಡನೇ ವರ್ಷ, ಕಾರ್ತಿಕದ ಹೊತ್ತಿಗೆ, ಅವರೆ ಮೈತುಂಬ ಹೂ ಬಿಟ್ಟಿತ್ತು. ಒಂದು ಬೆಳಿಗ್ಗೆ ನೋಡಿದರೆ ಹೂಗೊಂಚಲಿನ ತುದಿಯೆಲ್ಲ ಕಪ್ಪು. ಮುಟ್ಟಿದರೆ ಅಂಟು. ಗಿಡದ ಹೇನು! ಬೂದಿ ಎರಚಿದೆ, ಅಲ್ಲೊಂದು ಇಲ್ಲೊಂದು ಉದುರಿತು. ನೀರು ಎರಚಿದೆ, ಮಾರನೆಯ ದಿನ ಅಷ್ಟೂ ವಾಪಸ್ಸು. ಹೂ ಒಣಗಿ ಉದುರತೊಡಗಿದವು. ಅಮ್ಮನ ಬೀಜ ನನ್ನ ಕಣ್ಣೆದುರೇ ಹಾಳಾಗುತ್ತಿತ್ತು. ಮೊಬೈಲಿನಲ್ಲಿ ಹುಡುಕಿದರೆ ಒಬ್ಬಾತ ನಗುನಗುತ್ತ ಹೇಳುತ್ತಿದ್ದ: ಹೊಗೆಸೊಪ್ಪು ಕುದಿಸಿ, ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ ಹೊಡೆಯಿರಿ, ಪೂರ್ತಿ ಸಾವಯವ, ಯಾರಿಗೂ ಏನೂ ತೊಂದರೆಯಿಲ್ಲ. ಅದು ಎಲೆ ತಾನೆ, ಅಂಗಡಿಯ ಔಷಧಿಯಲ್ಲವಲ್ಲ ಎಂದು ನಾನೇ ನನಗೆ ವಕೀಲಿ ಮಾಡಿಕೊಂಡೆ.

ಹೊಗೆಸೊಪ್ಪಿಗೆ ನಾನು ಹೋದದ್ದು ನಮ್ಮ ಹೊಲದಲ್ಲಿ ಸೊಪ್ಪು ಕೊಯ್ಯಲು ಬರುತ್ತಿದ್ದ ಅಜ್ಜಿಯ ಹತ್ತಿರ. ಹಳ್ಳಿಯ ಆಚೆ ಕೊನೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಊರಿನ ಹುಳದ ಮನೆಗಳೇ ಅವಳ ಅನ್ನ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುವ ಚಟ ಇತ್ತು ನಿಜ, ಆದರೆ ಅವಳಷ್ಟು ಹುಷಾರಿನವರನ್ನು ನಾನು ನೋಡಿಲ್ಲ. ಎಲೆಯಡಿಕೆ ಚೀಲವನ್ನು ದಾರಿ ಪಕ್ಕದ ಹೊಂಗೆ ಮರದ ಕವಲಿಗೆ ಸಿಕ್ಕಿಸಿ, ಮೂರು ಸಲ ಬಾಯಿ ಮುಕ್ಕಳಿಸಿ, ಕೈಗೆ ಮಣ್ಣು ಹಚ್ಚಿ ತಿಕ್ಕಿ ತೊಳೆದು ಆಮೇಲೇ ಹೊಲಕ್ಕೆ ಕಾಲಿಡುವಳು.

"ಅಜ್ಜಿ, ಸ್ವಲ್ಪ ಹೊಗೆಸೊಪ್ಪು ಕೊಡ್ತೀಯಾ? ಹಲ್ಲು ನೋವು."

ಅಜ್ಜಿ ನನ್ನ ಕೆನ್ನೆ ನೋಡಿದಳು. "ಯಾವ ಕಡೆ ಹಲ್ಲವ್ವಾ?" ಎಂದಳು. ನಾನು ಎಡಗಡೆ ತೋರಿಸಿದೆ. ಅವಳು ಒಂದು ಹಿಡಿ ಮುರಿದು ಕೊಟ್ಟಳು. ಹಲ್ಲು ನೋವಿಗೆ ಅಷ್ಟು ಯಾರಿಗೂ ಬೇಕಾಗುವುದಿಲ್ಲ.

ಅಂದು ಬೆಳಿಗ್ಗೆ ಅತ್ತೆ ಊರೊಳಗೆ ಯಾರನ್ನೋ ಮಾತಾಡಿಸಲು ಒಂದು ಗಳಿಗೆ ಹೋಗಿದ್ದರು. ಬಚ್ಚಲ ಒಲೆಯ ಮೇಲೆ ಹಳೇ ಪಾತ್ರೆಯಲ್ಲಿ ಕಷಾಯ ಕುದಿಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಇಡೀ ಚಪ್ಪರಕ್ಕೆ ಎರಚಿದೆ. ಗಾಳಿ ಹಿಪ್ಪುನೇರಳೆ ಸಾಲಿನ ಕಡೆಗಿತ್ತು. ನನಗೆ ಅದರ ಯೋಚನೆಯೇ ಬರಲಿಲ್ಲ. ಪಾತ್ರೆ ಉಜ್ಜಿ, ಕೈ ತೊಳೆದು, ಏನೂ ಅರಿಯದವಳ ಹಾಗೆ ಮುದ್ದೆಗೆ ಎಸರಿಟ್ಟೆ.

ಅಂದು ಹುಳ ನಾಲ್ಕನೇ ಜ್ವರ ಎದ್ದು ಐದನೇ ದಿನ. ಸಂಜೆ ನಾಲ್ಕಕ್ಕೆ ಸೊಪ್ಪು ಸಾಲದೆ ಬಂತು. ಅಜ್ಜಿ ದೂರದ ಹೊಲದಲ್ಲಿದ್ದಳು. ಅತ್ತೆ ಒಳಗಿಂದಲೇ ಕೂಗಿದರು. "ಹಿತ್ಲ ಹಿಂದಿನ ಸಾಲಲ್ಲಿ ಎರಡು ತೆಕ್ಕೆ ಕುಯ್ಕೊಂಡ್ ಬಾರಮ್ಮಿ, ಬೇಗ!"

ಕುಡುಗೋಲು ಹಿಡಿದು ಆ ಸಾಲಿನ ಮುಂದೆ ನಿಂತೆ. ನಿಜ ಹೇಳಬೇಕೆಂದರೆ ಕೈ ಒಂದು ಕ್ಷಣ ತಡೆಯಿತು. ಇಲ್ಲಿಂದ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಚಪ್ಪರ ಹೋಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಒಣಗಿ ಹೋಗಿರುತ್ತದೆ ಬಿಡು ಅಂದುಕೊಂಡೆ. ಎಲೆ ಕೊಡವಿ ಕೊಡವಿ ಕೊಯ್ದು ತಂದೆ. ಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕೆಳಗಿನ ಎರಡು ಅಂಕಣಕ್ಕೆ ನಾನೇ ಹಾಸಿದೆ.

ಬೆಳಿಗ್ಗೆ ಅತ್ತೆಯ ಕೂಗಿಗೆ ಎದ್ದು ಓಡಿದೆ. ಮೇಲಿನ ಅಂಕಣದ ಹುಳ ಚೆನ್ನಾಗಿದ್ದವು. ಕೆಳಗಿನ ಎರಡರಲ್ಲಿ ಹುಳಗಳು ತಲೆ ಮೇಲೆತ್ತಿ ಅತ್ತಿತ್ತ ಹೊರಳಾಡುತ್ತಿದ್ದವು. ಬಾಯಿಂದ ಹಸಿರು ರಸ ಕಕ್ಕಿ ಮೈ ಸುರುಟಿಕೊಂಡಿದ್ದವು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದ ಹುಳ. ಅತ್ತೆ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ಹೊಗೆಸೊಪ್ಪು," ಎಂದರು. "ಇದು ಹೊಗೆಸೊಪ್ಪೇ."

ಆಗ ನನಗೆ ತಿಳಿಯಿತು, ಹೊಗೆಸೊಪ್ಪಿಗೆ ಹಾಕಿದ ಆ ಹೊಸ್ತಿಲ ಕಟ್ಟಳೆ ಮಡಿಯದ್ದಲ್ಲ, ವಿಷದ್ದು ಎಂದು. ಅಷ್ಟರಲ್ಲಿ ಅಜ್ಜಿ ದಿನದ ಹಾಗೆ ಬಂದು ಅಂಗಳದಲ್ಲಿ ನಿಂತಳು. ಅತ್ತೆ ಹೊರಗೆ ಬಂದವರೇ ಬಾಯಿಗೆ ಬಂದ ಹಾಗೆ ಬೈದರು. ಅಕ್ಕಪಕ್ಕದ ಮನೆಯವರು ಬಂದು ನಿಂತರು.

"ಹುಳದ ಮನೆ ಸೊಪ್ಪು ಕೊಯ್ಯೋ ಕೈಯಲ್ಲಿ ಹೊಗೆಸೊಪ್ಪು ಮುಟ್ಟಿದ್ಯಲ್ಲೇ ಮುದ್ಕಿ, ನಿನ್ ಕೈ ಸೇದೋಗ!"

ಅಜ್ಜಿ ಅತ್ತೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಒಂದೇ ಒಂದು ಮಾತು, "ನಾನು" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ.

"ಇರ್ಬೋದು ಕಣಮ್ಮ," ಎಂದಳು ಅಜ್ಜಿ. "ಕೈ ತೊಳಿಯೋದು ಮರ್ತಿದ್ದೆನೇನೋ. ವಯಸ್ಸಾಯ್ತು."

ಕುಡುಗೋಲನ್ನು ಜಗಲಿಯ ಮೇಲಿಟ್ಟು, ಹೊಂಗೆ ಮರದಿಂದ ಚೀಲ ಬಿಡಿಸಿಕೊಂಡು ಹೊರಟುಹೋದಳು. ಸಂಜೆ ಗಂಡ ಬಂದು ಗುಂಡಿ ತೋಡಿ, ಸತ್ತ ಹುಳಕ್ಕೆ ಸುಣ್ಣ ಹಾಕಿ ಮುಚ್ಚಿದರು. ನಾನು ಸುಣ್ಣದ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅವರಿಗೂ ಹೇಳಲಿಲ್ಲ.

ಮಾತು ಒಂದೇ ದಿನದಲ್ಲಿ ಊರೆಲ್ಲ ಹರಡಿತು. ಆಮೇಲೆ ಯಾವ ಹುಳದ ಮನೆಯವರೂ ಅಜ್ಜಿಯನ್ನು ಕರೆಯಲಿಲ್ಲ. ಅವಳು ರಾಗಿ ಹೊಲದ ಕಳೆ ಕೀಳಲು ಪಕ್ಕದೂರಿಗೆ ನಡೆದು ಹೋಗುವುದು, ಸೊಂಟ ಹಿಡಿದುಕೊಂಡು ಕತ್ತಲಾಗುವ ಮುಂಚೆ ಬರುವುದು ನನಗೆ ಹಿತ್ತಿಲಿನಿಂದ ಕಾಣುತ್ತಿತ್ತು. ಬಿಸಿ ತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ ಎನ್ನುತ್ತಾರಲ್ಲ, ಆ ತುಪ್ಪ ನನ್ನ ಬಾಯಲ್ಲಿ ಆರಲೇ ಇಲ್ಲ. ಇತ್ತ ದರಿದ್ರದ ಚಪ್ಪರ! ಹೇನೆಲ್ಲ ಸತ್ತು, ಆ ವರ್ಷ ಅವರೆ ಬಿಟ್ಟ ಹಾಗೆ ಮತ್ತೆಂದೂ ಬಿಟ್ಟಿಲ್ಲ. ಪಲ್ಯ ಮಾಡಿದೆ, ಕಾಳು ಬಿಡಿಸಿ ಸಾರು ಮಾಡಿದೆ, ಅಕ್ಕಪಕ್ಕದವರಿಗೆ ಹಂಚಿದೆ. "ಔಷಧಿ ಹೊಡೀದೆ ಇಷ್ಟು ಕಾಯಿ ಬಿಟ್ಟೈತಲ್ಲ, ನಿನ್ನ ಕೈಗುಣ ಕಣಮ್ಮ" ಎಂದರು ಜನ. ಮಧ್ಯಾಹ್ನ ಆ ಕಲ್ಲಿನ ಮೇಲೆ ಕೂರುವುದನ್ನೂ ಬಿಟ್ಟೆ. ಇದ್ದ ಒಂದು ಜಾಗವೂ ಹೋಯಿತು.

ಸೆರಗಿನ ತುಂಬ ಅವರೆಕಾಯಿ ಕಟ್ಟಿಕೊಂಡು ಒಂದು ದಿನ ಅಜ್ಜಿಯ ಮನೆಗೆ ಹೋದೆ. ಅವಳು ಕಾಯಿ ಸುರಿಸಿಕೊಂಡು, ಒಂದನ್ನು ಮುರಿದು ಮೂಸಿ ನೋಡಿ ನಕ್ಕಳು.

"ಅಜ್ಜಿ, ನಾನು ಇವತ್ತು ಅತ್ತೆಗೆ ಹೇಳಿಬಿಡ್ತೀನಿ."

"ಹೇಳಿ?"

"ನಿನ್ನ ಮೇಲಿನ ಮಾತು ಹೋಗ್ತದಲ್ಲ."

ಅಜ್ಜಿ ಕಾಯಿ ಆರಿಸುತ್ತಲೇ ಹೇಳಿದಳು. "ನೋಡವ್ವಾ, ನನ್ನ ಬೈದ್ರೆ ಬೈಸ್ಕೊಂಡು ಹೊತ್ತು ಮುಳುಗೋದ್ರೊಳಗೆ ನಾನು ನನ್ನ ಮನೆಗೆ ಬಂದ್ಬಿಡ್ತೀನಿ. ನೀನು ಬೈಸ್ಕೊಂಡು ಎಲ್ಲಿಗೋಗ್ತೀಯಾ? ಅಲ್ಲೇ ಇರ್ಬೇಕು, ಅಲ್ಲೇ ಉಣ್ಬೇಕು, ಅಲ್ಲೇ ಮಲಗ್ಬೇಕು."

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. "ಹೋಗು, ಹುಳಕ್ಕೆ ಹೊತ್ತಾಯ್ತು" ಎಂದಳು. ಹೋದೆ. ಅವಳ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದೆ ಎಂದು ಹೇಳಿಕೊಳ್ಳಬಹುದು. ಆದರೆ ಅದು ಸುಳ್ಳು. ನನಗೆ ಬೇಕಾಗಿದ್ದ ನೆಪ ಸಿಕ್ಕಿತು, ಅಷ್ಟೆ. ಆಮೇಲೆ ಪ್ರತಿ ವರ್ಷ ಅವರೆ ಬಿಟ್ಟಾಗ ಅವಳಿಗೆ ಒಂದು ಸೆರಗು ಕಾಯಿ ಕೊಟ್ಟು ಬರುತ್ತಿದ್ದೆ. ಹೀಗೆ ಐದು ವರ್ಷ ಕಳೆಯಿತು.

ಹೋದ ವರ್ಷ ನಮ್ಮೂರ ಹೆಂಗಸರ ಸಂಘದವರು ಒಂದು ಸಭೆ ಇಟ್ಟರು. ಮನೆಯಂಗಳದ ಸಾವಯವ ಕೈತೋಟದ ಲಾಭಗಳ ಬಗ್ಗೆ ನಾನು ಮಾತಾಡಬೇಕಂತೆ. ಬ್ಯಾನರ್ ಬೇರೆ. ಬೆಂಗಳೂರಿನಿಂದ ಇಬ್ಬರು ಮೇಡಂಗಳು ಬಂದಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಸೊಸೆ ಮೈಕಿನ ಮುಂದೆ ನಿಲ್ಲುತ್ತಾಳೆ ಎಂದು ಅವರಿಗೂ ಒಳಗೊಳಗೇ ಹೆಮ್ಮೆ. ನಾನು ಗೊಬ್ಬರದ ಗುಂಡಿ, ಬಚ್ಚಲ ನೀರು, ತಾಜಾ ಸೊಪ್ಪು, ಮಣ್ಣಲ್ಲಿ ಕೈಯಾಡಿಸಿದರೆ ಮನಸ್ಸು ಹಗುರವಾಗುವುದು, ಎಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಹೊಸದಾಗಿ ಮದುವೆಯಾಗಿ ಬಂದ, ಎದುರು ಮನೆಯ ಹುಳದವರ ಸೊಸೆ ಎದ್ದು ನಿಂತಳು.

"ಅಕ್ಕಾ, ನಾನೂ ಅವರೆ ಹಾಕಿದೀನಿ. ಹೇನು ಬಿದ್ದೈತೆ. ಹೊಗೆಸೊಪ್ಪಿನ ಕಷಾಯ ಹೊಡೀರಿ ಅಂತ ಮೊಬೈಲಲ್ಲಿ ತೋರಿಸ್ತಾರೆ. ಹೊಡೀಬೋದಾ?"

ಅವಳ ಮನೆಯಲ್ಲಿ ಹುಳ ಮೂರನೇ ಜ್ವರದಲ್ಲಿತ್ತು. ನಾನು ಅತ್ತೆಯ ಮುಖ ನೋಡಿದೆ. ಬೇಡ ಎಂದು ಒಂದು ಮಾತಿನಲ್ಲಿ ಹೇಳಿ ಕೂರಬಹುದಿತ್ತು. ಬಾಯಿ ತೆರೆದದ್ದು ಅದಕ್ಕೇ. ಹೊರಟದ್ದು ಬೇರೆ.

"ಹೊಡೀಬೇಡ ಕಣಮ್ಮ. ನಾನು ಹೊಡೆದಿದ್ದೆ. ನಮ್ಮನೆ ಎರಡು ಅಂಕಣ ಹುಳ ಸತ್ತಿದ್ದು ನನ್ನಿಂದ. ಸೊಪ್ಪು ಕೊಯ್ಯೋ ಅಜ್ಜಿದು ಏನೂ ತಪ್ಪಿರಲಿಲ್ಲ. ನಾನು ಬಾಯಿ ಮುಚ್ಕೊಂಡಿದ್ದೆ."

ಮೈಕಿನಲ್ಲಿ ಹೇಳಿದ್ದರಿಂದ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಿತು. ಮೇಡಂಗಳಿಗೆ ಏನೂ ಅರ್ಥವಾಗದೆ ಮತ್ತೆ ಚಪ್ಪಾಳೆ ತಟ್ಟಿದರು. ಅವರ ಚಪ್ಪಾಳೆಗೆ ಬೆಂಕಿ ಹಾಕ!

ಮನೆಗೆ ವಾಪಸ್ಸಾಗುವಾಗ ಅತ್ತೆ ಮುಂದೆ ಮುಂದೆ ನಡೆದರು. ಹೊಂಗೆ ಮರದ ಹತ್ತಿರ ಬಂದಾಗ ನಿಂತರು.

"ನಂಗೆ ಅವತ್ತೇ ಗೊತ್ತಿತ್ತು. ಬಚ್ಚಲಲ್ಲಿ ಪಾತ್ರೆ ಮೂಸಿ ನೋಡಿದ್ದೆ."

"ಮತ್ತೆ ಅಜ್ಜಿನ ಯಾಕತ್ತೆ ಬೈದ್ರಿ? ಐದು ವರ್ಷ!"

"ಅವಳ ಹೆಸ್ರು ಕೆಟ್ರೆ ಅವಳೊಬ್ಬಳದು. ನಿನ್ನ ಹೆಸ್ರು ಕೆಟ್ರೆ ಮನೇದು. ಅದನ್ನ ಇವತ್ತು ಮೈಕ್ ಇಟ್ಕೊಂಡು ಕೆಡಿಸ್ದೆ."

ಐದು ವರ್ಷ ನಾನು ಗುಟ್ಟೆಂದು ಹೊತ್ತದ್ದು ಗುಟ್ಟೇ ಆಗಿರಲಿಲ್ಲ. ಮೂರು ಜನಕ್ಕೂ ಗೊತ್ತಿತ್ತು. ಬೀದಿಗೆ ಬಿದ್ದವಳು ಮಾತ್ರ ಒಬ್ಬಳೇ. ಮಾರನೆಯ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಅತ್ತೆ ನಾನು ಅಗೆಯುವ ಮುಂಚೆ ಅಂದಿದ್ದ ಮಾತನ್ನು ನಡೆಸಿದ್ದರು. ಚಪ್ಪರದ ಗಳ ಒಂದು ಕಡೆ, ಬೇರು ಸಮೇತ ಬಳ್ಳಿ ಒಂದು ಕಡೆ. ಬೀಜಕ್ಕೆಂದು ನಾನು ಬಿಟ್ಟಿದ್ದ ಕಾಯಿಗಳು ಇನ್ನೂ ಹಸಿ. ಡಬ್ಬಿಯಲ್ಲಿ ಹಳೇ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಅಮ್ಮನ ಹತ್ತಿರವೂ ಒಂದು ಕಾಳಿಲ್ಲ. ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ.

ಅತ್ತೆ ಅಜ್ಜಿಯನ್ನು ನಮ್ಮ ಮನೆಗೆ ಮತ್ತೆ ಕರೆಯಲಿಲ್ಲ, ಇವತ್ತಿಗೂ ಕರೆದಿಲ್ಲ. ಆದರೆ ವಾರ ಕಳೆಯುವುದರೊಳಗೆ ಎದುರು ಮನೆಯವರು ಕರೆದರು. ಆ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದಾಗ, ಹೊಂಗೆ ಮರದ ಕೆಳಗೆ ಯಾರೋ ಬಾಯಿ ಮುಕ್ಕಳಿಸುವ ಸದ್ದಾಯಿತು. ಎದ್ದು ನೋಡಿದೆ. ಕವಲಿನಲ್ಲಿ ಚೀಲ ತೂಗುತ್ತಿತ್ತು. ಅಜ್ಜಿ ಬೇಲಿಯ ಹತ್ತಿರ ಬಂದು ಹಿತ್ತಿಲೊಳಗೆ ಇಣುಕಿದಳು.

"ಚಪ್ಪರ ಎಲ್ಲವ್ವಾ?"

"ಅತ್ತೆ ಕಿತ್ತಾಕಿದ್ರು ಅಜ್ಜಿ. ಬೀಜಾನೂ ಉಳೀಲಿಲ್ಲ."

ಅವಳು ಎದುರು ಮನೆಯವರ ಹೊಲದ ಕಡೆಗೆ ಹೊರಟುಹೋದಳು. ಸಂಜೆ ಕೆಲಸ ಮುಗಿಸಿ ಬರುವಾಗ ಮತ್ತೆ ಬೇಲಿಯ ಹತ್ತಿರ ನಿಂತು ನನ್ನನ್ನು ಕೂಗಿದಳು. ಸೆರಗಿನ ತುದಿಯ ಗಂಟು ಬಿಚ್ಚಿ, ಬೂದಿ ಮೆತ್ತಿದ ಒಂದು ಹಿಡಿ ಅವರೆ ಬೀಜವನ್ನು ನನ್ನ ಅಂಗೈಗೆ ಸುರಿದಳು.

"ನಿಂದೇ. ವರ್ಷ ವರ್ಷ ತಂದು ಸುರೀತಿದ್ಯಲ್ಲ, ಬಲಿತಿದ್ದೆಲ್ಲ ಎತ್ತಿಟ್ಟಿದ್ದೆ."

ಅಜ್ಜಿ ನನ್ನ ಬೆರಳುಗಳನ್ನು ಬೀಜದ ಮೇಲೆ ಮಡಿಸಿ, ಎಡಗೆನ್ನೆಯನ್ನು ಒಂದು ಬೆರಳಿನಿಂದ ತಿವಿದಳು.

"ಇನ್ನೊಂದ್ಸಲ ಹಲ್ಲು ನೋವು ಬಂದ್ರೆ ವಿಜಯಪುರಕ್ಕೋಗಿ ಡಾಕ್ಟ್ರಿಗೆ ತೋರ್ಸು. ನನ್ನತ್ರ ಬರ್ಬೇಡ."